ತಗ್ಗಿದ ಬಾಗಿಲಿನ ಸಮಾಧಿ



ಪವಿತ್ರ ಶನಿವಾರದ ಮಧ್ಯಾಹ್ನ ನಮ್ಮ ಸಕಲೇಶಪುರ, ಆಲೂರು ಕಡೆಯ ಯಾವುದಾದರೊಂದು ದೇವಾಲಯದ ಅಂಗಳಕ್ಕೆ ಹೋಗಿ ನೋಡಿ. ಯುವಜನರು ಬಿದಿರಿನ ಚೌಕಟ್ಟು ಕಟ್ಟಿ, ಕಾಫಿಯ ಗೋಣಿಚೀಲಗಳನ್ನು ಸಿಮೆಂಟು ನೀರಿನಲ್ಲಿ ಅದ್ದಿ ಹೊದಿಸಿ, ಅದಕ್ಕೆ ಬಂಡೆಯ ಬಣ್ಣ ಬಳಿಯುತ್ತಿರುತ್ತಾರೆ. ಬಾಗಿಲ ಪಕ್ಕದಲ್ಲಿ ಥರ್ಮೊಕೋಲಿನ ದುಂಡುಕಲ್ಲು. ಒಳಗೆ ಬಿಳಿಯ ಬಟ್ಟೆ, ಹಿಂದೆ ವಿದ್ಯುದ್ದೀಪ. ಅವರ ಶ್ರಮಕ್ಕೆ ನನ್ನ ಮೆಚ್ಚುಗೆ ಇದೆ. ಆದರೂ ಆ ಸಮಾಧಿಯನ್ನು ಒಂದು ಕಲಾಕೃತಿಯೆಂದು ಭಾವಿಸಿ ಪರಿಶೀಲಿಸಿದರೆ, ಅದು ಏನನ್ನು ಹೇಳುತ್ತದೆ, ಏನನ್ನು ಮರೆಮಾಚುತ್ತದೆ? ಈ ಪ್ರಶ್ನೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಕಲ್ಲಿನ ವಿಚಾರ. ಪ್ರಾಚೀನ ಜೆರುಸಲೇಮಿನ ಸುತ್ತಮುತ್ತ ಎರಡನೆಯ ದೇವಾಲಯದ ಕಾಲದ ಒಂಬೈನೂರಕ್ಕೂ ಹೆಚ್ಚು ಸಮಾಧಿಗಳನ್ನು ಪರಿಶೀಲಿಸಿದ ಪುರಾತತ್ವಜ್ಞ ಆಮೋಸ್ ಕ್ಲೋನರ್, ಚಕ್ರದಂತಹ ದುಂಡುಕಲ್ಲು ಇದ್ದವು ನಾಲ್ಕೇ ಎಂದು 1999ರಲ್ಲಿ ಬರೆದರು. ಉಳಿದವುಗಳಿಗೆ ಬಾಗಿಲಿನ ಕಂಡಿಗೆ ಬಿರಡೆಯಂತೆ ಕೂರುವ ಚೌಕಕಲ್ಲುಗಳಿದ್ದವು. ಆದರೆ ಶುಭಸಂದೇಶಗಳು ಕಲ್ಲು ಉರುಳಿದ ಮಾತನ್ನೇ ಆಡುತ್ತವೆ. ಆದ್ದರಿಂದ ಥರ್ಮೊಕೋಲಿನ ಕಲ್ಲಿನ ಬಗ್ಗೆ ನಾನು ತಕರಾರು ಮಾಡುವುದಿಲ್ಲ. ನನ್ನ ತಕರಾರು ಬಾಗಿಲಿನದು. ನಾವು ಕಟ್ಟುವ ಬಾಗಿಲು ಆಳೆತ್ತರದ್ದು. ಸಂತ ಯೊವಾನ್ನರ ಶುಭಸಂದೇಶದಲ್ಲಾದರೋ ಸಮಾಧಿಯ ಬಳಿಗೆ ಓಡಿಬಂದ ಶಿಷ್ಯನೂ, ಅಳುತ್ತಾ ನಿಂತ ಮಗ್ದಲದ ಮರಿಯಳೂ ಬಗ್ಗಿಯೇ ಒಳಗೆ ನೋಡಬೇಕಾಯಿತು. ಅಂದಿನ ಸಮಾಧಿಯ ಬಾಗಿಲು ಅಷ್ಟು ತಗ್ಗಿನದು.

ನಮ್ಮ ಕಣ್ಣಿನಲ್ಲಿ ನೆಲೆಸಿರುವ ಚಿತ್ರ ಬಂದದ್ದು ಯೂರೋಪಿನ ವರ್ಣಚಿತ್ರಗಳಿಂದ ಮತ್ತು ಅವುಗಳನ್ನು ಅನುಕರಿಸಿದ ಕ್ಯಾಲೆಂಡರುಗಳಿಂದ. ಹದಿನೈದನೆಯ ಶತಮಾನದ ಇಟಲಿಯ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ ಪುನರುತ್ಥಾನದ ಚಿತ್ರದಲ್ಲಿ ಪ್ರಭು ರೋಮನ್ನರ ಕಲ್ಲಿನ ಶವಪೆಟ್ಟಿಗೆಯ ಅಂಚಿನ ಮೇಲೆ ಕಾಲಿಟ್ಟು ನಿಂತಿದ್ದಾರೆ. ಚಿತ್ರ ಗಂಭೀರವಾದದ್ದು, ಆದರೆ ಅಲ್ಲಿ ಗುಹೆಯೇ ಇಲ್ಲ. 1603-04ರ ಸುಮಾರಿನಲ್ಲಿ ಕಾರವಾಜ್ಜೊ ಬರೆದ, ಈಗ ವ್ಯಾಟಿಕನ್ನಿನಲ್ಲಿರುವ ಚಿತ್ರವನ್ನು ನಾನು ಇದಕ್ಕಿಂತ ಮೇಲೆನ್ನುತ್ತೇನೆ. ಅದರಲ್ಲಿಯೂ ಯೆಹೂದ್ಯರ ಗುಹೆ ಸ್ಪಷ್ಟವಾಗಿಲ್ಲ. ಆದರೆ ಶವವನ್ನು ಹೊತ್ತವರ ಬೆನ್ನು ಬಗ್ಗಿದೆ, ಕಾಲುಗಳು ಭಾರಕ್ಕೆ ಬಿಗಿದಿವೆ. ಹೂಳುವುದೆಂದರೆ ಮೈಮುರಿಯುವ ಕೆಲಸ ಎಂಬುದನ್ನು ಆ ಕಲಾವಿದ ಮರೆಯಲಿಲ್ಲ.

ಆ ಕೆಲಸ ಹೇಗೆ ನಡೆಯುತ್ತಿತ್ತು? ಸತ್ತ ದಿನವೇ ಹೂಳಬೇಕೆಂಬುದು ಯೆಹೂದ್ಯರ ರೂಢಿ. ಮರಕ್ಕೆ ತೂಗುಹಾಕಿದ ಅಪರಾಧಿಯ ಶವವನ್ನು ಕೂಡ ರಾತ್ರಿಯವರೆಗೆ ಬಿಡಬಾರದೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ದೇಹವನ್ನು ತೊಳೆದು, ಸುಗಂಧ ಲೇಪಿಸಿ, ನಾರುಮಡಿಯಲ್ಲಿ ಸುತ್ತಿ, ಊರ ಹೊರಗೆ ಒಯ್ಯುತ್ತಿದ್ದರು. ಅನುಕೂಲಸ್ಥ ಕುಟುಂಬಗಳು ಬಂಡೆಯಲ್ಲಿ ಕೋಣೆ ಕೊರೆಸಿ, ಗೋಡೆಯೊಳಗೆ ಒಂದಾಳು ಮಲಗುವಷ್ಟು ಆಳದ ಗೂಡುಗಳನ್ನು ಮಾಡಿಸುತ್ತಿದ್ದವು. ಬಡವರಿಗೆ ನಮ್ಮಲ್ಲಿಯಂತೆ ಮಣ್ಣಿನ ಗುಂಡಿ. ನಜರೇತಿನ ಬಡಗಿಯ ಮಗನಿಗೆ ಸಹಜವಾಗಿ ದೊರೆಯಬೇಕಾಗಿದ್ದದ್ದು ಆ ಮಣ್ಣಿನ ಗುಂಡಿಯೇ. ಅರಿಮಥಾಯದ ಜೋಸೆಫರು ಧನಿಕರಾಗಿದ್ದರೆಂದು ಸಂತ ಮತ್ತಾಯರು ಬರೆಯುವುದು ಸುಮ್ಮನೆ ಅಲ್ಲ. ನಮ್ಮ ಪ್ರಭು ಮಲಗಿದ್ದು ಮತ್ತೊಬ್ಬರ ಜಾಗದಲ್ಲಿ.

ಆ ಸಮಾಧಿಯಲ್ಲಿ ಅದುವರೆಗೆ ಯಾರನ್ನೂ ಇಟ್ಟಿರಲಿಲ್ಲ ಎಂದು ಸಂತ ಲೂಕರೂ ಸಂತ ಯೊವಾನ್ನರೂ ಎತ್ತಿ ಹೇಳುತ್ತಾರೆ. ಈ ಮಾತನ್ನು ಏಕೆ ಹೇಳಬೇಕಾಯಿತು? ಸಮಾಧಿ ಎಂದರೆ ಒಬ್ಬರದಲ್ಲ, ತಲೆಮಾರುಗಳದು ಎಂಬುದು ಅಂದಿನ ಓದುಗರ ತಿಳಿವಳಿಕೆಯಾಗಿತ್ತು. ಸುಮಾರು ಒಂದು ವರ್ಷದ ನಂತರ ಮನೆಯವರು ಮರಳಿ ಬಂದು, ಮೂಳೆಗಳನ್ನು ಆಯ್ದು, ಸುಣ್ಣಕಲ್ಲಿನ ಪುಟ್ಟ ಪೆಟ್ಟಿಗೆಯಲ್ಲಿಡುತ್ತಿದ್ದರು. ಪೆಟ್ಟಿಗೆಯ ಉದ್ದ ತೊಡೆಯ ಮೂಳೆಯಷ್ಟು. ಕ್ರಿಸ್ತಪೂರ್ವ 20ರ ಸುಮಾರಿನಿಂದ ಕ್ರಿಸ್ತಶಕ 70ರಲ್ಲಿ ಜೆರುಸಲೇಮ್ ನಾಶವಾಗುವವರೆಗೆ ಅಲ್ಲಿ ಈ ಪದ್ಧತಿ ಬಲವಾಗಿತ್ತು. 1968ರಲ್ಲಿ ಜೆರುಸಲೇಮಿನ ಗಿವತ್ ಹಮಿವ್ತಾರ್ ಎಂಬಲ್ಲಿ ದೊರೆತ ಅಂತಹ ಒಂದು ಪೆಟ್ಟಿಗೆಯಲ್ಲಿ ಯೆಹೋಹಾನಾನ್ ಎಂಬ ಯುವಕನ ಹಿಮ್ಮಡಿಯ ಮೂಳೆಯಿತ್ತು. ಅದರಲ್ಲಿ ಶಿಲುಬೆಯ ಮೊಳೆ ಹಾಗೆಯೇ ಉಳಿದಿತ್ತು. ಶಿಲುಬೆಯಲ್ಲಿ ಸತ್ತವನನ್ನೂ ಮನೆಯವರು ತಮ್ಮವರ ನಡುವೆ ಮಲಗಿಸಿದ್ದರು.

ಇದು ನಮಗೆ ದೂರದ ಕಥೆಯಲ್ಲ. ನಮ್ಮ ಈ ಗುಡ್ಡಗಳ ಸೀಮೆಯಲ್ಲಿಯೂ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲುಗೋರಿಗಳಿವೆ. ಕರ್ನಾಟಕದ ಹಲವೆಡೆ ಜನರು ಇವುಗಳನ್ನು ಪಾಂಡವರ ಗುಡಿ, ಮೋರಿಯರ ಮನೆ ಎನ್ನುತ್ತಾರೆ. ನೆರೆಯ ಕೊಡಗಿನ ಸೋಮವಾರಪೇಟೆಯ ಬಳಿ ದೊಡ್ಡಮೊಳ್ತೆಯಲ್ಲಿಯೂ, ಕೊಪ್ಪಳದ ಹಿರೇಬೆಣಕಲ್‌ನಲ್ಲಿಯೂ ಅವುಗಳ ಗುಂಪುಗಳಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ, ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಂಡಿಯಿರುವ ಕೋಣೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಆಯ್ದಿಟ್ಟ ಮೂಳೆಗಳು ಕಂಡುಬಂದವು. ಆ ಜನರಿಗೂ ಯೆಹೂದ್ಯರಿಗೂ ಸಂಬಂಧ ಕಲ್ಪಿಸುವುದು ತಪ್ಪು. ಆದರೆ ಸತ್ತವರ ಬಳಿಗೆ ಎರಡನೆಯ ಸಲ ಹೋಗಬೇಕೆಂಬ ಭಾವನೆ ಎರಡೂ ಕಡೆ ಹುಟ್ಟಿತ್ತು. ನಿಧಿಯಾಸೆಗೆ ಇಂತಹ ಗೋರಿಗಳ ಚಪ್ಪಡಿ ಕೀಳುವವರು ಕೆಡವುವುದು ಯಾರದೋ ಅಜ್ಜ ಅಜ್ಜಿಯರ ಮನೆಯನ್ನು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕಾಫಿ ತೋಟಗಳ ನಡುವಿನ ಒಂದು ಧರ್ಮಕೇಂದ್ರದಲ್ಲಿ ನಾನು ಗುರುವಾಗಿದ್ದಾಗ, ಆಷಾಢದ ಮಳೆಯಲ್ಲಿ ಹೊಸ ಗುಂಡಿ ತೋಡುವಾಗ ಹಳೆಯ ಮೂಳೆಗಳು ಮೇಲೆ ಬಂದವು. ಅಗೆಯುವವರು ಅವನ್ನು ಗೊಬ್ಬರದ ಚೀಲಕ್ಕೆ ತುಂಬಿ ಗೋಡೆಗೆ ಒರಗಿಸಿಟ್ಟರು. ನಾನು ನೋಡಿಯೂ ಸುಮ್ಮನಿದ್ದೆ. ತೋಟದ ಲೈನಿನ ಒಬ್ಬ ವೃದ್ಧೆ ಬಂದು ಚೀಲವನ್ನು ನೋಡಿದರು. ಅದು ಅವರ ಗಂಡನನ್ನು ಹೂಳಿದ ಜಾಗ. ಆಕೆ ಅಳಲಿಲ್ಲ. “ಫಾದರೇ, ಇವರನ್ನ ಇನ್ನೆಲ್ಲಿ ಮಲಗಿಸ್ತೀರಿ?” ಎಂದು ಕೇಳಿದರು. ‘ಇವನ್ನ’ ಎನ್ನಲಿಲ್ಲ, ‘ಇವರನ್ನ’ ಎಂದರು. ಗುರುಮಠದಲ್ಲಿ ಪುನರುತ್ಥಾನದ ದೈವಶಾಸ್ತ್ರವನ್ನು ವರ್ಷಗಟ್ಟಲೆ ಓದಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಅದೇ ಸ್ಮಶಾನದ ಮುಂಭಾಗದಲ್ಲಿ ಅನುಕೂಲಸ್ಥರ ಗ್ರಾನೈಟ್ ಗೋರಿಗಳು ಯಾರೂ ಮುಟ್ಟದಂತೆ ಭದ್ರವಾಗಿದ್ದವು. ಆ ತಾಯಿಗೆ ಒಂದು ಉತ್ತರ ಸಿದ್ಧಮಾಡುವಷ್ಟರಲ್ಲಿ ನನಗೆ ವರ್ಗವಾಯಿತು.

ಜಾಗ ಕಡಿಮೆಯಿರುವಲ್ಲಿ ಒಂದೇ ಗುಂಡಿಯನ್ನು ಮತ್ತೆ ತೋಡುವುದು ಅನಿವಾರ್ಯ, ಅದರಲ್ಲಿ ಪಾಪವಿಲ್ಲ. ಪ್ರಭುವಿನ ಜನಾಂಗವೂ ಅದನ್ನೇ ಮಾಡಿತು. ಆದರೆ ಅವರು ಅದನ್ನು ಪ್ರಾರ್ಥನೆಯ ಕೆಲಸವಾಗಿ ಮಾಡಿದರು; ನಾವು ಚೀಲದ ಕೆಲಸವಾಗಿ ಮಾಡುತ್ತೇವೆ. ಇನ್ನು ಗ್ರಾನೈಟಿನ ಬಗ್ಗೆ: ಅಂತ್ಯಕ್ರಿಯೆಯ ಖರ್ಚು ಸಾವಿಗಿಂತಲೂ ಭಾರವಾಗಿದ್ದ ಕಾಲದಲ್ಲಿ ರಬ್ಬಾನ್ ಗಮಲಿಯೇಲರು ತಮ್ಮನ್ನು ಸಾದಾ ನಾರುಬಟ್ಟೆಯಲ್ಲಿ ಹೂಳಿಸಿಕೊಂಡರು, ಜನರೆಲ್ಲ ಅದನ್ನೇ ಅನುಸರಿಸಿದರು ಎಂದು ತಾಲ್ಮೂದ್ ಹೇಳುತ್ತದೆ. ಯೆಹೂದ್ಯರನ್ನು ಪ್ರಭುವನ್ನು ಕೊಂದವರೆಂದು ಮಾತ್ರ ಬೋಧಿಸುತ್ತಾ ಬಂದ ನಮ್ಮ ಹಳೆಯ ಪ್ರವಚನಗಳು ಈ ಕರುಣೆಯನ್ನು ನಮಗೆ ಕಲಿಸಲಿಲ್ಲ.

ಆದುದರಿಂದ ಓದುಗರೇ, ನನ್ನ ಬಿನ್ನಹ ಎರಡು. ಬರುವ ಪಾಸ್ಖಕ್ಕೆ ಯುವಜನರು ಸಮಾಧಿಯ ಬಾಗಿಲನ್ನು ಸೊಂಟದೆತ್ತರಕ್ಕೆ ಇಳಿಸಲಿ. ನೋಡಬಯಸುವವರು, ಪಾಲನಾ ಸಮಿತಿಯ ಹಿರಿಯರೂ ಸೇರಿ, ಬಗ್ಗಿ ನೋಡಲಿ. ಒಳಗೆ ದೀಪಕ್ಕಿಂತ ಮೊದಲು ಖಾಲಿ ಗೂಡುಗಳು ಕಾಣಲಿ. ಎರಡನೆಯದಾಗಿ, ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಸ್ಮಶಾನದಲ್ಲೂ ಆಯ್ದ ಮೂಳೆಗಳಿಗೆ ಒಂದು ಪುಟ್ಟ ಕೋಣೆ ಕಟ್ಟೋಣ. ಹೆಂಚಿನ ಮಾಡು ಸಾಕು. ಅಲ್ಲಿ ಮಲಗಿದವರ ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ನವೆಂಬರ್ 2ರ ಸಕಲ ಮೃತರ ದಿನದಂದು ಗಟ್ಟಿಯಾಗಿ ಓದೋಣ. ತೋಟದ ಲೈನಿನವರ ಹೆಸರುಗಳನ್ನು ಮೊದಲು ಓದೋಣ.