ದ್ರಾಕ್ಷಾಪಾಕದ ಆಚೆಗೊಂದು ಸಿಹಿ

ಕಾವ್ಯಮೀಮಾಂಸೆಯ ತರಗತಿಗಳಲ್ಲಿ ಪಾಕಗಳನ್ನು ಹಣ್ಣುಕಾಯಿಗಳ ಮೂಲಕ ವಿವರಿಸುವ ರೂಢಿಯಿದೆ. ಬಾಯಿಗಿಟ್ಟೊಡನೆ ರಸ ಒಸರುವುದು ದ್ರಾಕ್ಷಾಪಾಕ. ಸಿಪ್ಪೆ ಸುಲಿಯುವಷ್ಟು ಶ್ರಮ ಬೇಡುವುದು ಕದಳೀಪಾಕ. ಒಡೆದು ತೆಗೆಯಬೇಕಾದದ್ದು ನಾರಿಕೇಳಪಾಕ. ಭಾರವಿಯ ಮಾತನ್ನು ಮಲ್ಲಿನಾಥ ತೆಂಗಿನಕಾಯಿಗೆ ಹೋಲಿಸಿದ್ದನ್ನು ವಿದ್ಯಾರ್ಥಿಗಳೆಲ್ಲ ಕೇಳಿರುತ್ತಾರೆ. ಈ ವಿಂಗಡಣೆಯನ್ನು ನಾವು ಬಳಸುವ ರೀತಿಯಲ್ಲಿ ಒಂದು ಪೂರ್ವಗ್ರಹ ಸೇರಿಕೊಂಡಿದೆ ಎಂದು ನನ್ನ ಅನಿಸಿಕೆ: ಸಿಹಿಯಾದದ್ದು ಸುಲಭ, ಸುಲಭವಾದದ್ದು ಹಗುರ. ಇದನ್ನು ಪ್ರಶ್ನಿಸಲು ನನಗೆ ನೆರವಾದದ್ದು ದ್ರಾಕ್ಷಿಯದ್ದೇ ಇನ್ನೊಂದು ಪಾಕ. ಅದು ಫ್ರಾನ್ಸಿನ ಜುರಾ ಪ್ರದೇಶದ ‘ವ್ಯಾಂ ದ ಪಾಯ್’, ಅಂದರೆ ಹುಲ್ಲಿನ ವೈನ್.

ಹೆಸರು ಬಂದದ್ದು ಕೆಲಸದ ಕ್ರಮದಿಂದ. ಕೊಯ್ದ ಗೊಂಚಲುಗಳನ್ನು ಹಿಂದೆ ಒಣಹುಲ್ಲಿನ ಮೇಲೆ ಹರಡುತ್ತಿದ್ದರು. ಈಗ ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕುತ್ತಾರೆ, ಇಲ್ಲವೇ ಪೆಟ್ಟಿಗೆಗಳಲ್ಲಿ ಇಡುತ್ತಾರೆ. ಕನಿಷ್ಠ 6 ವಾರ ಹೀಗೆ ಕಳೆಯಬೇಕು. ನೀರು ಆರಿದಂತೆ ಸಕ್ಕರೆ ಗಟ್ಟಿಯಾಗುತ್ತದೆ, ಜೊತೆಗೆ ಹುಳಿಯೂ ಗಟ್ಟಿಯಾಗುತ್ತದೆ. 100 ಕಿಲೋ ಹಣ್ಣು ಹಿಂಡಿದರೆ ಸಿಗುವುದು ಸುಮಾರು 15ರಿಂದ 18 ಲೀಟರ್ ರಸ. ಅಷ್ಟೊಂದು ಸಕ್ಕರೆಯ ನಡುವೆ ಯೀಸ್ಟ್ ನಿಧಾನವಾಗಿ ಕೆಲಸ ಮಾಡಿ, ಕೊನೆಗೆ ಕೈಚೆಲ್ಲುತ್ತದೆ. ಅದು ಬಿಟ್ಟುಹೋದ ಸಕ್ಕರೆಯೇ ವೈನಿನ ಸಿಹಿ. ಆಮೇಲೆ ಕನಿಷ್ಠ 3 ವರ್ಷ ಕಾಯಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಮಾರಾಟಕ್ಕೆ ಬರುವುದು ಅರ್ಧ ಬಾಟಲಿ. ವಿಧಾನ ಬಹಳ ಹಳೆಯದು: ಗ್ರೀಕ್ ಕವಿ ಹೆಸಿಯಡ್ ತನ್ನ ‘ವರ್ಕ್ಸ್ ಅಂಡ್ ಡೇಸ್’ ಕಾವ್ಯದಲ್ಲಿ, ಕೊಯ್ದ ದ್ರಾಕ್ಷಿಯನ್ನು 10 ದಿನ ಬಿಸಿಲಿಗಿಟ್ಟು, 5 ದಿನ ನೆರಳಲ್ಲಿಟ್ಟು, 6ನೆಯ ದಿನ ರಸವನ್ನು ಪಾತ್ರೆಗಿಳಿಸಲು ಹೇಳುತ್ತಾನೆ.

ಇದರ ರುಚಿಯನ್ನು ಬರೆಯುವವರು ಸಾಮಾನ್ಯವಾಗಿ ಪಟ್ಟಿ ಕೊಡುತ್ತಾರೆ: ಜೇನು, ಒಣ ಅಂಜೂರ, ಕಿತ್ತಳೆ ಸಿಪ್ಪೆಯ ಮುರಬ್ಬ, ಕಂದಿದ ಸಕ್ಕರೆ. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಅಲಂಕಾರಗಳನ್ನು ಎಣಿಸಿ ಪದ್ಯದ ವಿಮರ್ಶೆ ಮುಗಿಯಿತೆನ್ನುವ ಅಭ್ಯಾಸವನ್ನು ಅದು ನನಗೆ ನೆನಪಿಸುತ್ತದೆ. ಯಾವುದರ ನಂತರ ಯಾವುದು ಬಂತು ಎಂಬುದನ್ನು ಪಟ್ಟಿ ಹೇಳುವುದಿಲ್ಲ. ನನ್ನ ನಾಲಿಗೆಗೆ ಮೊದಲು ಸಿಕ್ಕಿದ್ದು ಜೇನಿನಂಥ ದಪ್ಪ ಸಿಹಿ. ಇನ್ನೇನು ಮುಖ ಕಟ್ಟಿತು ಅನ್ನುವಾಗ ಹುಳಿ ಎದ್ದು ಬಾಯಿಯನ್ನು ತೊಳೆಯಿತು. ನುಂಗಿದ ಮೇಲೆ ಉಳಿದದ್ದು ಸಿಪ್ಪೆಯ ತೆಳು ಕಹಿ. ಹುಳಿ ಸೋತ ಬಾಟಲಿಗಳೂ ಇರುತ್ತವೆ. ಅವು ಎರಡನೆಯ ಗುಟುಕಿಗೇ ಬರಿಯ ಪಾನಕವಾಗುತ್ತವೆ. ಹಾಗಾಗಿ ಸಿಹಿ ಎಷ್ಟಿದೆ ಎನ್ನುವುದಕ್ಕಿಂತ ಅದಕ್ಕೆ ಎದುರಾಡುವುದು ಏನಿದೆ ಎನ್ನುವುದೇ ಇಲ್ಲಿ ಗುಣದ ಅಳತೆ.

ಜೊತೆಗೆ ತಿನ್ನುವ ಪದಾರ್ಥವೂ ಒಂದು ಬಗೆಯ ವಿಮರ್ಶೆಯೇ. ವೈನಿಗಿಂತ ಸಿಹಿಯಾದ ತಿಂಡಿ ತಿಂದರೆ ಅದರ ಸಿಹಿ ಅಡಗಿ, ವೈನ್ ಹುಳಿಹುಳಿಯಾಗಿ, ತೆಳ್ಳಗೆ ಕಾಣುತ್ತದೆ. ಉಪ್ಪುಪ್ಪಾದ ನೀಲಿ ಗೆರೆಯ ಚೀಸ್ ಇಟ್ಟುಕೊಂಡರೆ ಎರಡೂ ಅರಳುತ್ತವೆ. ಜುರಾ ಬೆಟ್ಟಗಳಲ್ಲೇ ತಯಾರಾಗುವ ಬ್ಲೂ ದ ಜೆಕ್ಸ್ ಇದಕ್ಕೆ ಹೇಳಿಮಾಡಿಸಿದಂತಿದೆ. ಕಹಿ ಚಾಕಲೇಟು, ಹೆಚ್ಚು ಸಕ್ಕರೆಯಿಲ್ಲದ ಆಕ್ರೋಟಿನ ಕೇಕು ಕೂಡ ಹೊಂದುತ್ತವೆ. ಭಾವಗೀತೆಗಳನ್ನು ಭಾವಗೀತೆಗಳ ನಡುವೆಯೇ ಓದುತ್ತಾ ಹೋಗಿ, ಕೊನೆಗೆ ಎಲ್ಲವೂ ಸಪ್ಪೆಯೆಂದು ದೂರುವ ನಮಗೆ ಇದು ಉಪಯುಕ್ತ ಪಾಠ. ಸಿಹಿಗೆ ಒಗ್ಗುವ ನೆರೆ ಉಪ್ಪು, ಕಹಿ.

ದ್ರಾಕ್ಷಾಪಾಕ ಎಂದಾಗ ನಮ್ಮ ಮನಸ್ಸಿನಲ್ಲಿರುವುದು ಬಳ್ಳಿಯಿಂದ ಆಗಷ್ಟೇ ಕಿತ್ತ ಹಣ್ಣು. ಅದೇ ಹಣ್ಣು ನೀರು ಕಳೆದುಕೊಂಡು, ವರ್ಷಗಳನ್ನು ಕತ್ತಲಲ್ಲಿ ಕಳೆದು, ಮತ್ತೆ ಸಿಹಿಯಾಗಿಯೇ ಬಂದರೆ ಅದನ್ನು ಯಾವ ಪಾಕವೆನ್ನಬೇಕು? ಸವಿಯಲು ಅದು ಈಗಲೂ ಸುಲಭವೇ. ಶ್ರಮವೆಲ್ಲ ಮಾಡುವವನ ಪಾಲಿಗೆ. ಕೆಲವು ಕವಿಗಳ ಸರಳತೆಯೂ ಇಂಥದ್ದು, ತುಂಬ ಆರಿಸಿದ ಮೇಲೆ ಉಳಿದದ್ದು. ಮಧುರವಾದ ಪದ್ಯವೊಂದನ್ನು ಹಗುರವೆಂದು ಬದಿಗಿಡುವ ಮುನ್ನ, ಅದರಲ್ಲಿ ಹುಳಿ ಇನ್ನೂ ಜೀವಂತವಾಗಿದೆಯೇ ಎಂದು ಎರಡನೆಯ ಓದಿನಲ್ಲಿ ನೋಡಬೇಕು.