ವಯಸ್ಕರ ಚಿತ್ರವೂ ಮಡಿಲ ಮಗುವೂ



ಚಿತ್ರಮಂದಿರಗಳ ಬಾಗಿಲಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಾಣಬರುತ್ತಿರುವ ಒಂದು ನೋಟ ತಮಗೆ ಅಪರಿಚಿತವೇನಲ್ಲ. ಭಿತ್ತಿಪತ್ರದ ಮೂಲೆಯಲ್ಲಿ 'ಎ' ಎಂಬ ಅಕ್ಷರ ಅಚ್ಚಾಗಿರುತ್ತದೆ. ಎಂದರೆ ಆ ಚಿತ್ರ 18 ವರ್ಷ ತುಂಬಿದವರಿಗೆ ಮಾತ್ರ ಮೀಸಲು. ಅದೇ ಚಿತ್ರಕ್ಕೆ ನಿಂತವರ ಸಾಲಿನಲ್ಲಿ ತಂದೆಯ ಹೆಗಲೇರಿದ 3 ವರ್ಷದ ಕೂಸು ಇರುತ್ತದೆ, ತಾಯಿಯ ಸೆರಗು ಹಿಡಿದ 7-8 ವರ್ಷದ ಬಾಲಿಕೆ ಇರುತ್ತಾಳೆ. ಒಳಹೊಕ್ಕ ಮೇಲೆ ಎರಡೂವರೆ ಮೂರು ತಾಸು ಆ ಮಕ್ಕಳು ಏನನ್ನು ನೋಡುವರು, ಏನನ್ನು ಕೇಳುವರು ಎಂದು ವಿಚಾರಿಸುವವರೇ ಇಲ್ಲ.

ಈ ತಂದೆ-ತಾಯಿಗಳನ್ನು ದುಷ್ಟರೆಂದು ಬಗೆಯುವುದು ತಪ್ಪು. ಮಗುವಿನ ಹಾಲಿನಲ್ಲಿ ನೀರು ಬೆರೆತಿದ್ದರೆ ಹಾಲಿನವನೊಡನೆ ಜಗಳವಾಡುವವರು ಇವರೇ. ಒಳ್ಳೆಯ ಶಾಲೆಗೆ ಸೇರಿಸಲು ಸಾಲ ಮಾಡುವವರೂ ಇವರೇ. ಮಗುವಿನ ಹೊಟ್ಟೆಗೆ ಹೋಗುವುದನ್ನು ಇಷ್ಟು ಜಾಗ್ರತೆಯಿಂದ ನೋಡಿಕೊಳ್ಳುವವರು ಕಣ್ಣು ಕಿವಿಗಳ ಮೂಲಕ ಒಳಗೆ ಹೋಗುವುದರ ವಿಷಯದಲ್ಲಿ ಇಷ್ಟು ಉದಾಸೀನರಾದುದು ಹೇಗೆ? ಈ ಪ್ರಶ್ನೆಯನ್ನು ತಮ್ಮೊಡನೆ ಕುಳಿತು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಾನೂನಿನ ಮಾತು. 1952ರ ಚಲಚ್ಚಿತ್ರ ಅಧಿನಿಯಮದ ಪ್ರಕಾರ ಚಿತ್ರಗಳಿಗೆ ಪ್ರಮಾಣಪತ್ರ ನೀಡಲಾಗುತ್ತದೆ. ಎಲ್ಲರೂ ನೋಡಬಹುದಾದುದಕ್ಕೆ 'ಯು', ವಯಸ್ಕರಿಗೆ ಮಾತ್ರ ಮೀಸಲಾದುದಕ್ಕೆ 'ಎ' ಎಂಬ ಎರಡೇ ವರ್ಗಗಳು ಬಹುಕಾಲ ಇದ್ದವು. 1983ರಲ್ಲಿ ಇವೆರಡರ ನಡುವೆ 'ಯು/ಎ' ಎಂಬುದು ಸೇರಿತು. 2024ರ ನಿಯಮಗಳು ಆ ನಡುವಣ ವರ್ಗವನ್ನು 7, 13, 16 ವರ್ಷಗಳ ಮೆಟ್ಟಿಲುಗಳಾಗಿ ವಿಂಗಡಿಸಿದವು. ಈ ಮೆಟ್ಟಿಲುಗಳು ಪಾಲಕರಿಗೆ ಕೊಟ್ಟ ಸೂಚನೆಗಳು. ಮಗುವನ್ನು ಕರೆದೊಯ್ಯುವುದೋ ಬಿಡುವುದೋ ಎಂಬ ನಿರ್ಣಯ ಅವರಿಗೇ ಬಿಟ್ಟದ್ದು. 'ಎ' ವರ್ಗದ ಮಾತು ಬೇರೆ. ಅಲ್ಲಿ ಪಾಲಕರು ಜೊತೆಗಿದ್ದರೂ ಮಗುವಿಗೆ ಪ್ರವೇಶವಿಲ್ಲ. "ನಾನು ತಂದೆ, ನನ್ನ ಜೊತೆ ಬಂದಿದ್ದಾನೆ, ನಿಮಗೇನು?" ಎಂದು ಬಾಗಿಲಲ್ಲಿ ವಾದಿಸುವವರು ಈ ಎರಡು ವರ್ಗಗಳ ಭೇದವನ್ನು ಅರಿಯದವರು. ತಪ್ಪಿತಸ್ಥನೆಂದು ಕಾನೂನು ಹಿಡಿಯುವುದು ಚಿತ್ರವನ್ನು ಪ್ರದರ್ಶಿಸುವವನನ್ನೇ ಆದುದರಿಂದ, ಪಾಲಕರು ಅದನ್ನು ತಮಗೆ ಸಂಬಂಧಿಸದ ಸಂಗತಿಯೆಂದು ಭಾವಿಸಿದಂತಿದೆ.

ಈ ವಿಂಗಡಣೆ ಯಾರೋ ಮಡಿವಂತರ ಕಲ್ಪನೆಯೆಂದು ತಿಳಿಯಬೇಡಿ. ಕೆ. ಎ. ಅಬ್ಬಾಸರು ತಮ್ಮ ಸಾಕ್ಷ್ಯಚಿತ್ರವೊಂದಕ್ಕೆ ಸಂಬಂಧಿಸಿ ಸೆನ್ಸಾರ್ ಪದ್ಧತಿಯನ್ನೇ ಪ್ರಶ್ನಿಸಿದಾಗ, 1970ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಕೂಲಂಕಷವಾಗಿ ವಿಚಾರಿಸಿತು. ಉಳಿದ ಕಲೆಗಳಿಗಿಂತ ಚಲಚ್ಚಿತ್ರ ಭಾವನೆಗಳನ್ನು ಹೆಚ್ಚು ಆಳವಾಗಿ ಕಲಕುತ್ತದೆ, ಪರದೆಯ ಮೇಲಿನದನ್ನು ಎಳೆಯರು ಪ್ರೌಢರಿಗಿಂತ ಸುಲಭವಾಗಿ ನಂಬಿಬಿಡುತ್ತಾರೆ ಎಂಬುದನ್ನು ಪರಿಗಣಿಸಿ, ವಯಸ್ಸಿಗೆ ತಕ್ಕ ವಿಂಗಡಣೆ ನ್ಯಾಯಸಮ್ಮತವೆಂದು ತೀರ್ಮಾನಿಸಿತು.

ಹಾಗಾದರೆ ಮಕ್ಕಳನ್ನು ಕರೆದೊಯ್ಯುವ ರೂಢಿ ಎಲ್ಲಿಂದ ಬಂದಿತು? ಅದರ ಮೂಲ ನಿರ್ದೋಷವಾದುದು. ನಮ್ಮ ಹಳ್ಳಿಗಳಿಗೆ ಟೂರಿಂಗ್ ಟಾಕೀಸು ಬಂದ ಕಾಲದಲ್ಲಿ ಸಿನಿಮಾ ನೋಡುವುದೆಂದರೆ ಮನೆಮಂದಿಯೆಲ್ಲ ಒಟ್ಟಾಗಿ ಹೋಗುವ ಜಾತ್ರೆ. ಗಾಡಿ ಕಟ್ಟಿ, ಬುತ್ತಿ ಕಟ್ಟಿ, ಅಜ್ಜಿಯಿಂದ ಮೊಮ್ಮಗುವಿನ ತನಕ ಎಲ್ಲರೂ ಹೊರಡುತ್ತಿದ್ದರು. ಮಕ್ಕಳು ಮುಂದುಗಡೆ ನೆಲದ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂಡುತ್ತಿದ್ದರು. 1954ರ 'ಬೇಡರ ಕಣ್ಣಪ್ಪ', 1965ರ 'ಸತ್ಯ ಹರಿಶ್ಚಂದ್ರ', 1972ರ 'ಬಂಗಾರದ ಮನುಷ್ಯ' ಇಂತಹ ಚಿತ್ರಗಳನ್ನು ಮೂರು ತಲೆಮಾರಿನವರು ಒಂದೇ ಸಾಲಿನಲ್ಲಿ ಕುಳಿತು, ಸಂಕೋಚಪಡದೆ ನೋಡಿದರು. ಸಿನಿಮಾ ಎಂದರೆ ಸಂಸಾರ ಸಮೇತ ಹೋಗುವುದು ಎಂಬ ಭಾವನೆ ಹೀಗೆ ಬೇರೂರಿತು. ಚಿತ್ರಗಳ ಸ್ವರೂಪ ಬದಲಾಯಿತು. ರೂಢಿ ಮಾತ್ರ ಹಾಗೆಯೇ ಉಳಿಯಿತು.

ಬದಲಾದುದು ಎಷ್ಟು ಎಂಬುದಕ್ಕೆ ಈಚಿನ ಉದಾಹರಣೆಗಳನ್ನೇ ನೋಡಬಹುದು. 2023ರ ಡಿಸೆಂಬರ್ ತಿಂಗಳೊಂದರಲ್ಲೇ ಹಿಂದಿಯ 'ಅನಿಮಲ್', ಕನ್ನಡಿಗರೇ ಆದ ಪ್ರಶಾಂತ್ ನೀಲ್ ನಿರ್ದೇಶಿಸಿದ ತೆಲುಗಿನ 'ಸಲಾರ್' ಎರಡೂ 'ಎ' ಪ್ರಮಾಣಪತ್ರದೊಡನೆ ತೆರೆಕಂಡು ದೇಶದಾದ್ಯಂತ ಭಾರಿ ಜನರನ್ನು ಸೆಳೆದವು. ಒಂದು ಕಾಲಕ್ಕೆ 'ಎ' ಎಂದರೆ ಊರ ಹೊರಗಿನ ಟಾಕೀಸಿನಲ್ಲಿ ಗುಟ್ಟಾಗಿ ನೋಡುವ ಚಿತ್ರವೆಂಬ ಅರ್ಥವಿತ್ತು. ಇಂದು ಅದು ಅತಿ ದೊಡ್ಡ ನಟನ, ಅತಿ ದೊಡ್ಡ ಬಂಡವಾಳದ, ಹಬ್ಬದ ದಿನದ ಚಿತ್ರ. ಮಕ್ಕಳು ಯಾವ ನಟನ ಹಾಡಿಗೆ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಯುವರೋ ಆತನೇ ಇಲ್ಲಿ ಕೊಡಲಿ ಹಿಡಿದು ಕತ್ತರಿಸುತ್ತಾನೆ. 2025ರ ಆಗಸ್ಟಿನಲ್ಲಿ ರಜನೀಕಾಂತ್ ಅಭಿನಯದ 'ಕೂಲಿ' ಚಿತ್ರಕ್ಕೆ 'ಎ' ಪ್ರಮಾಣಪತ್ರ ದೊರೆತಾಗ, 'ಯು/ಎ' ಬೇಕೆಂದು ನಿರ್ಮಾಪಕರು ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಚಿತ್ರದಲ್ಲಿ ರಕ್ತವೂ ಇರಬೇಕು, ಸಭಾಂಗಣದಲ್ಲಿ ಮಕ್ಕಳೂ ಇರಬೇಕು ಎಂಬ ವ್ಯಾಪಾರದ ಈ ದ್ವಿಮುಖ ನೀತಿಯನ್ನು ವಾಚಕರು ಗಮನಿಸಬೇಕು.

ಇಲ್ಲಿ ಪ್ರಾಜ್ಞರು ಒಂದು ಆಕ್ಷೇಪವನ್ನೆತ್ತಬಹುದು. "ನಮ್ಮ ಬಯಲಾಟಗಳಲ್ಲಿ ಕೊಲೆ ಇರಲಿಲ್ಲವೇ? ಕೀಚಕನ ವಧೆ, ದುಶ್ಶಾಸನನ ಎದೆ ಬಗೆಯುವುದು, ಹಿರಣ್ಯಕಶಿಪುವಿನ ಕರುಳು ತೆಗೆಯುವುದು, ಇವನ್ನೆಲ್ಲ ಮಕ್ಕಳು ರಾತ್ರಿಯಿಡೀ ಕುಳಿತು ನೋಡಲಿಲ್ಲವೇ?" ಆಕ್ಷೇಪ ಸಣ್ಣದಲ್ಲ, ಉತ್ತರಿಸಬೇಕಾದುದೇ. ಬಯಲಾಟದಲ್ಲಿ ಕೊಲೆ ನಡೆಯುವುದು ಚೆಂಡೆ ಮದ್ದಳೆಗಳ ತಾಳದ ಮೇಲೆ, ಕುಣಿತದ ಮೂಲಕ, ಸಂಕೇತದಿಂದ. ರಾತ್ರಿ ದುಶ್ಶಾಸನನಾಗಿ ಸತ್ತವನು ಮರುದಿನ ಬೆಳಗ್ಗೆ ಸಂತೆಯಲ್ಲಿ ಎಲೆ ಅಡಿಕೆ ಕೊಳ್ಳುತ್ತಿರುವುದನ್ನು ಮಗು ಕಣ್ಣಾರೆ ಕಾಣುತ್ತಿತ್ತು. ಅಂಜಿದ ಮಗು ಎದ್ದು ಹೋಗಿ ಬಯಲಿನ ಆಚೆ ಕಡಲೆಪುರಿ ತಿನ್ನಬಹುದಿತ್ತು, ಇಲ್ಲವೇ ಅಜ್ಜಿಯ ಕಂಬಳಿಯೊಳಗೆ ನಿದ್ರಿಸಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕೊಂದವನು ಏಕೆ ಕೊಂದ, ಸತ್ತವನು ಏಕೆ ಸತ್ತ ಎಂಬ ಧರ್ಮಾಧರ್ಮದ ವಿಚಾರ ಆಟದ ಅರ್ಥಗಾರಿಕೆಯಲ್ಲೂ ಮರುದಿನದ ಜಗಲಿಯಲ್ಲೂ ನಡೆಯುತ್ತಿತ್ತು. ಚಿತ್ರಮಂದಿರದಲ್ಲಾದರೋ ಸುತ್ತಲೂ ಕತ್ತಲೆ, ಗೋಡೆಯಗಲದ ಪರದೆ, ಎದೆ ನಡುಗಿಸುವ ಧ್ವನಿ, ಏಳಲು ಎಡೆಯಿಲ್ಲದ ಸಾಲು. ಕತ್ತರಿಸಿದ ಕೈ ನಿಜವಾದ ಕೈಯಂತೆಯೇ ಕಾಣುತ್ತದೆ. ಸ್ತ್ರೀಯನ್ನು ಹಿಂಸಿಸುವ ದೃಶ್ಯವನ್ನು ಬಿಡಿಸಿ ಹೇಳುವ ಭಾಗವತನೂ ಅಲ್ಲಿಲ್ಲ.

ಇನ್ನು ಮಗುವಿನ ಮನಸ್ಸಿನಲ್ಲಿ ನಡೆಯುವುದೇನು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರಾ 1961ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ದೊಡ್ಡವರು ಬೊಂಬೆಯೊಂದನ್ನು ಹೊಡೆಯುವುದನ್ನು ಕಂಡ ಎಳೆಯ ಮಕ್ಕಳು ಅದೇ ರೀತಿ, ಅವೇ ಮಾತುಗಳನ್ನಾಡುತ್ತ ಹೊಡೆದರು. ಇದಕ್ಕಿಂತ ನಮ್ಮ ವಿಷಯಕ್ಕೆ ಸಮೀಪವಾದುದು ಹಿಕ್ಸ್ ಎಂಬವರ 1968ರ ಅಧ್ಯಯನ. ಚಿತ್ರದಲ್ಲಿನ ಹಿಂಸೆಯನ್ನು ಮಗುವಿನ ಪಕ್ಕದಲ್ಲಿ ಕುಳಿತ ಹಿರಿಯರು ಮೆಚ್ಚಿ ಮಾತನಾಡಿದರೆ, ಅವರು ಜೊತೆಗಿರುವಾಗ ಮಗುವಿನ ಅನುಕರಣೆ ಹೆಚ್ಚಿತು, ಆಕ್ಷೇಪಿಸಿದರೆ ಕುಗ್ಗಿತು. 1999ರಲ್ಲಿ ಹ್ಯಾರಿಸನ್ ಮತ್ತು ಕ್ಯಾಂಟರ್ ಎಂಬ ವಿದುಷಿಯರು ಕಾಲೇಜು ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ನೂರಕ್ಕೆ ಸುಮಾರು 90 ಮಂದಿ ಬಾಲ್ಯ ಅಥವಾ ಕೌಮಾರ್ಯದಲ್ಲಿ ಪರದೆಯ ಮೇಲೆ ಕಂಡ ಭಯವನ್ನು ನೆನೆದರು. ನಾಲ್ವರಲ್ಲಿ ಒಬ್ಬರಿಗೆ ಅದರ ಅಳುಕು ಆಗಲೂ ಉಳಿದಿತ್ತು.

ನಮ್ಮ ಮುಖ್ಯ ಮಾತು ಇದೇ. ಮಗು ಪರದೆಯೊಂದನ್ನೇ ನೋಡುವುದಿಲ್ಲ. ನಡುನಡುವೆ ತಿರುಗಿ ತಂದೆಯ ಮುಖವನ್ನು ನೋಡುತ್ತದೆ. ತಾನು ಅಂಜಬೇಕೋ ನಗಬೇಕೋ ಎಂಬುದನ್ನು ಅಲ್ಲಿಂದ ತಿಳಿಯುತ್ತದೆ. ರುಂಡ ಉರುಳಿದಾಗ ತಂದೆ ಸಿಳ್ಳೆ ಹಾಕಿದರೆ, ಹೆಣ್ಣಿನ ಕೆನ್ನೆಗೆ ಹೊಡೆದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿದರೆ, ಮಗು ಕಲಿಯುವುದು ಆ ಸಂತೋಷವನ್ನು. ಬೀದಿಯಲ್ಲಿ ಅಕಸ್ಮಾತ್ ಕಂಡ ಕ್ರೌರ್ಯಕ್ಕೆ ಮನೆಯ ಒಪ್ಪಿಗೆ ಇರುವುದಿಲ್ಲ. ಕೈ ಹಿಡಿದು ಕರೆದೊಯ್ದು, ತಿಂಡಿ ಕೊಡಿಸಿ, ಪಕ್ಕದಲ್ಲಿ ಕೂಡಿಸಿಕೊಂಡು ತೋರಿಸಿದ ಕ್ರೌರ್ಯಕ್ಕೆ ಒಪ್ಪಿಗೆಯ ಮುದ್ರೆ ಬಿದ್ದಿರುತ್ತದೆ.

ಪಾಲಕರು ಹೇಳುವ ಕಾರಣಗಳನ್ನು ಕಡೆಗಣಿಸುವುದು ಸಲ್ಲದು. "ಮನೆಯಲ್ಲಿ ಬಿಟ್ಟುಬರಲು ಯಾರೂ ಇಲ್ಲ" ಎಂಬುದು ಇವುಗಳಲ್ಲಿ ನಿಜವಾದುದು. ಅವಿಭಕ್ತ ಕುಟುಂಬ ಒಡೆದು, ನಗರದ ಎರಡು ಕೋಣೆಯ ಮನೆಯಲ್ಲಿ ದಂಪತಿಗಳೂ ಮಗುವೂ ಮೂವರೇ ಉಳಿದಾಗ ಅಜ್ಜಿ ಊರಿನಲ್ಲಿರುತ್ತಾಳೆ, ನೆರೆಯವರ ಹೆಸರೂ ತಿಳಿದಿರುವುದಿಲ್ಲ. ವಾರವಿಡೀ ದುಡಿದ ದಂಪತಿಗಳಿಗೆ ಒಂದು ಸಂಜೆಯ ವಿನೋದ ಬೇಡವೆನ್ನಲು ನಾವು ಯಾರು? ಆದರೆ ಆ ಸಂಜೆಯ ಬೆಲೆಯನ್ನು ಮಗು ತೆರಬೇಕೇ ಎಂಬುದಷ್ಟೇ ಪ್ರಶ್ನೆ. "ಮಗು ಮಲಗಿಬಿಡುತ್ತದೆ" ಎನ್ನುವರು. ಆ ಸದ್ದಿನಲ್ಲಿ ಬೆಚ್ಚಿಬಿದ್ದು ಅಳುವ ಕೂಸುಗಳನ್ನು ಉಳಿದ ಪ್ರೇಕ್ಷಕರು ಬಲ್ಲರು. "ಕೆಟ್ಟ ದೃಶ್ಯ ಬಂದಾಗ ಕಣ್ಣು ಮುಚ್ಚುತ್ತೇವೆ" ಎನ್ನುವರು, ಕಿವಿಯನ್ನು ಮುಚ್ಚುವವರಾರು? ಕಣ್ಣು ಮುಚ್ಚಿದ ಮಗು ಆರ್ತನಾದವನ್ನು ಕೇಳಿ ಪರದೆಯಲ್ಲಿರುವುದಕ್ಕಿಂತ ಘೋರವಾದುದನ್ನು ಕಲ್ಪಿಸಿಕೊಳ್ಳಬಹುದು. "ಮೊಬೈಲಿನಲ್ಲಿ ಎಲ್ಲವನ್ನೂ ನೋಡುತ್ತಾನೆ, ಇದರಿಂದ ಇನ್ನೇನು ಕೆಡುತ್ತಾನೆ?" ಎಂಬುದು ಕೊನೆಯ ವಾದ. ಬೇಲಿಯಲ್ಲಿ ಒಂದು ಕಂಡಿ ಬಿದ್ದಿತೆಂದು ಇಡೀ ಬೇಲಿಯನ್ನೇ ಕಿತ್ತೆಸೆಯುವ ಒಕ್ಕಲಿಗನನ್ನು ನಾವು ಕಂಡಿಲ್ಲ.

'ಎ' ಚಿತ್ರಗಳನ್ನೆಲ್ಲ ನಾವು ನಿಂದಿಸುತ್ತಿದ್ದೇವೆಂದು ತಾವು ಭಾವಿಸಬಾರದು. ಜೀವನದಲ್ಲಿ ಪ್ರೌಢರು ಮಾತ್ರ ಎದುರಿಸಬಲ್ಲ ಸತ್ಯಗಳಿವೆ. ಅವನ್ನು ಹೇಳುವ ಸ್ವಾತಂತ್ರ್ಯ ಕಲಾವಿದನಿಗೆ ಬೇಕು. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ 'ಸಂಸ್ಕಾರ' ಚಿತ್ರಕ್ಕೆ ಮೊದಲು ಮದರಾಸಿನ ಸೆನ್ಸಾರ್ ಮಂಡಳಿ ತಡೆಯೊಡ್ಡಿತ್ತು; ಆಮೇಲೆ ಅದೇ ಚಿತ್ರ 1970ನೆಯ ಸಾಲಿನ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದರಲ್ಲಿನ ಮರಣ, ಕಾಮ, ಧರ್ಮಸಂಕಟಗಳ ವಿಚಾರ ವಿವೇಕಿಗಳಿಗೆ ಉಪಾದೇಯ. 6 ವರ್ಷದ ಮಗುವಿಗೆ ಅದರಿಂದ ಆಗಬೇಕಾದುದೇನೂ ಇಲ್ಲ. ಫೂಲನ್ ದೇವಿಯ ಜೀವನವನ್ನಾಧರಿಸಿದ 'ಬ್ಯಾಂಡಿಟ್ ಕ್ವೀನ್' ಚಿತ್ರದಲ್ಲಿನ ಅತ್ಯಾಚಾರದ ಚಿತ್ರಣ ನೋಡುಗರಲ್ಲಿ ಜುಗುಪ್ಸೆ ಹುಟ್ಟಿಸಲು ಬಂದುದೇ ಹೊರತು ಕಾಮೋದ್ರೇಕಕ್ಕಲ್ಲ ಎಂದು ಮನಗಂಡು, 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ದೊರೆತ 'ಎ' ಪ್ರಮಾಣಪತ್ರವನ್ನು ಎತ್ತಿಹಿಡಿಯಿತು. ಇದರಲ್ಲಿ ಒಂದು ಒಪ್ಪಂದ ಅಡಗಿದೆ. ಸಮಾಜ ಕಲಾವಿದನಿಗೆ, "ನೀನು ಹೇಳಬೇಕಾದುದನ್ನು ಹೇಳು, ಆದರೆ ದೊಡ್ಡವರ ಮುಂದೆ ಹೇಳು" ಎನ್ನುತ್ತದೆ. ನಾವು ಆ ಸಭೆಯೊಳಕ್ಕೆ ಮಕ್ಕಳನ್ನು ತಂದು ಕೂಡಿಸಿದರೆ ಒಪ್ಪಂದ ಮುರಿದಂತೆ. ಆಗ ಎಲ್ಲ ಚಿತ್ರಗಳಿಗೂ ಕತ್ತರಿ ಹಾಕಿರೆಂಬ ಕೂಗು ಏಳುತ್ತದೆ. ದೊಡ್ಡವರ ಸ್ವಾತಂತ್ರ್ಯವೂ ಹೋಗುತ್ತದೆ. ಮಗುವನ್ನು ಮನೆಯಲ್ಲಿ ಬಿಡುವ ತಂದೆ ತನಗರಿವಿಲ್ಲದೆಯೇ ಕಲೆಯ ಸ್ವಾತಂತ್ರ್ಯವನ್ನು ಕಾಯುತ್ತಿದ್ದಾನೆ.

ಚಿತ್ರಮಂದಿರದ ಮಾಲಿಕರ ಹೊಣೆಯನ್ನೂ ಹೇಳದೆ ಇರಲಾಗದು. ಟಿಕೆಟು ಹರಿಯುವವನು ಮಗುವನ್ನು ಕಂಡೂ ಕಾಣದಂತಿರುವುದು ಅವನೊಬ್ಬನ ತಪ್ಪಲ್ಲ. ಬಾಗಿಲಲ್ಲಿ ಜಗಳವಾದರೆ ಬೈಗುಳ ತಿನ್ನುವವನು ಅವನೇ. ಟಿಕೆಟು ಮಾರುವಾಗಲೇ ಎಚ್ಚರಿಸಿ, ಅರಿಯದೆ ಬಂದವರಿಗೆ ಮರ್ಯಾದೆಯಿಂದ ಹಣ ಹಿಂದಿರುಗಿಸುವ ಏರ್ಪಾಡು ಮಾಡಿದರೆ ಆ ಬಡಪಾಯಿ ನೌಕರನಿಗೂ ಬಲ ಬರುತ್ತದೆ.

ವಾಚಕರಲ್ಲಿ ಬಹುಮಂದಿ ಇಂದು ಎಳೆಯ ಮಕ್ಕಳ ತಂದೆ-ತಾಯಿಗಳು, ಇನ್ನು ಕೆಲವರು ಅಜ್ಜ-ಅಜ್ಜಿಯರು. ತಮ್ಮಲ್ಲಿ ನಮ್ಮ ಬಿನ್ನಹ ದೊಡ್ಡದೇನಲ್ಲ. ಚಿತ್ರಕ್ಕೆ ಹೊರಡುವ ಮುನ್ನ ನಟನ ಹೆಸರನ್ನು ನೋಡುವಂತೆ ಪ್ರಮಾಣಪತ್ರದ ಅಕ್ಷರವನ್ನೂ ನೋಡಿರಿ. 'ಎ' ಎಂದಿದ್ದರೆ ಮಗುವನ್ನು ಕರೆದೊಯ್ಯಬೇಡಿ. ಈ ವಾರ ಒಬ್ಬರು, ಮುಂದಿನ ವಾರ ಇನ್ನೊಬ್ಬರು ನೋಡಿಬನ್ನಿ. ನೆರೆಯ ಮನೆಯವರೊಡನೆ ಬಳಕೆ ಬೆಳೆಸಿ, ಅವರ ಮಗುವನ್ನು ಒಂದು ಸಂಜೆ ತಾವು ನೋಡಿಕೊಳ್ಳಿ, ತಮ್ಮದನ್ನು ಅವರು ನೋಡಿಕೊಳ್ಳಲಿ. 'ಯು/ಎ' ಚಿತ್ರದಲ್ಲಿಯೂ ಮಗು ಅಂಜಿ ಮುಖ ಹುದುಗಿಸಿದರೆ, ಟಿಕೆಟಿನ ಹಣಕ್ಕೆ ಮರುಗದೆ ಎದ್ದು ಬನ್ನಿ. ಕಾಣಬಾರದುದನ್ನು ಮಗು ಈಗಾಗಲೇ ಕಂಡಿದ್ದರೆ ಗದರಿಸಬೇಡಿ; ಆ ರಾತ್ರಿ ಪಕ್ಕದಲ್ಲಿ ಕುಳಿತು, ಏನು ಕಂಡೆ, ಏಕೆ ಅಂಜಿದೆ ಎಂದು ಕೇಳಿರಿ. ಅದು ನಟನೆಯೆಂದೂ, ನಿಜವಾಗಿ ಹಾಗೆ ಮಾಡುವುದು ತಪ್ಪೆಂದೂ ತಿಳಿಸಿ ಹೇಳಿರಿ.

ಊರಿನಲ್ಲಿರುವ ಅಜ್ಜ-ಅಜ್ಜಿಯರಿಗೆ ಇನ್ನೊಂದು ಮಾತು. ಮಗ ಸೊಸೆಯರು ಮಗುವನ್ನು ಎತ್ತಿಕೊಂಡು ಇಂತಹ ಚಿತ್ರಕ್ಕೆ ಹೊರಟದ್ದು ತಿಳಿದರೆ ಅವರನ್ನು ಹಳಿಯುತ್ತ ಕೂಡಬೇಡಿ. ಒಂದು ದಿನ ಮೊದಲೇ ಹೋಗಿ, "ಮಗುವನ್ನು ನನ್ನ ಹತ್ತಿರ ಬಿಟ್ಟು ನೀವಿಬ್ಬರೂ ನೋಡಿಬನ್ನಿ" ಎನ್ನಿರಿ. ಆ ರಾತ್ರಿ ಮೊಮ್ಮಗುವಿಗೆ ಒಂದು ಕಥೆ ಹೇಳಿರಿ.