ಮುದ್ದೊಂದೇ ಸಾಲದು

ನಮ್ಮ ಆಫೀಸಿನ ಟ್ರೈನಿಂಗ್ ಒಂದರಲ್ಲಿ 'ಬಕ್' ಅನ್ನೋ ಡಾಕ್ಯುಮೆಂಟರಿಯ ತುಣುಕು ತೋರಿಸಿದರು. ಹ್ಯಾಟ್ ಹಾಕಿದ ಒಬ್ಬ ಮನುಷ್ಯ ಬೆದರಿದ ಕುದುರೆಯ ಹಗ್ಗ ಹಿಡಿದು ನಿಂತಿರ್ತಾನೆ, ಸ್ವಲ್ಪ ಹೊತ್ತಿಗೆ ಅದು ಅವನ ಹಿಂದೆ ಹೆಜ್ಜೆ ಹಾಕುತ್ತೆ. "ಪ್ರೀತಿಯಿಂದ ಎಂಥವರನ್ನೂ ಗೆಲ್ಲಬಹುದು" ಅಂದರು ಟ್ರೈನರ್. ಎಲ್ಲರೂ ಚಪ್ಪಾಳೆ ತಟ್ಟಿದ್ವಿ. ರಾತ್ರಿ ಮನೆಗೆ ಬಂದು ಪೂರ್ತಿ 88 ನಿಮಿಷ ನೋಡಿದೆ. ಅವರು ಎಲ್ಲಿಗೆ ನಿಲ್ಲಿಸಿದ್ದರು ಅಂತ ಆಗ ಗೊತ್ತಾಯ್ತು.

ಸಿಂಡಿ ಮೀಲ್ ನಿರ್ದೇಶನದ ಈ ಚಿತ್ರಕ್ಕೆ 2011ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು. ಕಥಾನಾಯಕ ಬಕ್ ಬ್ರ್ಯಾನಮನ್. ಚಿಕ್ಕಂದಿನಲ್ಲಿ ಅಣ್ಣನ ಜೊತೆ ಹಗ್ಗದ ಕಸರತ್ತು ತೋರಿಸುತ್ತಾ, ಅಪ್ಪನಿಂದ ಬಾಸುಂಡೆ ಬರುವಂತೆ ಹೊಡೆಸಿಕೊಂಡು ಬೆಳೆದವನು. ಆಮೇಲೆ ಬೇರೊಂದು ದಂಪತಿ ಅವನನ್ನು ಸಾಕಿದರು. ಈಗ ಅಮೆರಿಕದ ಊರೂರು ಸುತ್ತಿ, ಜನರಿಗೆ ತಮ್ಮ ಕುದುರೆಗಳ ಜೊತೆ ಹೇಗಿರಬೇಕು ಅಂತ ಕಲಿಸ್ತಾನೆ. ರಾಬರ್ಟ್ ರೆಡ್‌ಫೋರ್ಡ್ 1998ರಲ್ಲಿ ತೆಗೆದ 'ದಿ ಹಾರ್ಸ್ ವಿಸ್ಪರರ್' ಚಿತ್ರಕ್ಕೆ ಸಲಹೆಗಾರನಾಗಿದ್ದವನೂ ಇವನೇ.

ಅವನ ಕಲಿಕೆಯ ಬುಡ ಗ್ರೌಂಡ್‌ವರ್ಕ್. ಅಂದ್ರೆ ಕುದುರೆ ಮೇಲೆ ಹತ್ತುವ ಮೊದಲು ನೆಲದ ಮೇಲೆ ನಿಂತು ಮಾಡುವ ಅಭ್ಯಾಸ. ತಲೆಗೆ ಕಟ್ಟಿದ ಹಗ್ಗ, ತುದಿಗೆ ಬಟ್ಟೆ ಕಟ್ಟಿದ ಒಂದು ಕೋಲು, ಇಷ್ಟೇ ಸಾಮಾನು. ಕೋಲು ಹೊಡೆಯೋಕಲ್ಲ, ದೂರದಿಂದಲೇ ದಿಕ್ಕು ತೋರಿಸೋಕೆ. ಹಗ್ಗದಲ್ಲಿ ಸ್ವಲ್ಪ ಒತ್ತಡ ಹಾಕ್ತಾನೆ. ಕುದುರೆ ಹಿಂಗಾಲನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿದ ಕೂಡಲೇ ಹಗ್ಗ ಸಡಿಲ. ಆ ಸಡಿಲವೇ ಅದಕ್ಕೆ ಸಿಗೋ ಬಹುಮಾನ. ಒಂದು ಕ್ಷಣ ತಡ ಮಾಡಿದರೆ ಯಾವುದಕ್ಕೆ ಬಹುಮಾನ ಸಿಕ್ತು ಅಂತ ಅದಕ್ಕೆ ತಿಳಿಯೋದಿಲ್ಲ. ಎಳೆಯ, ಹಟಮಾರಿ ಕುದುರೆಗೆ ಈ ಪಾಠ ನೂರಾರು ಸಲ ಆಗಬೇಕು. ಈ ಮನುಷ್ಯ ನನ್ನನ್ನು ಹೆದರಿಸೋಲ್ಲ, ಆದರೆ ನಾನು ಇವನ ಮೈಮೇಲೆ ಬೀಳೋ ಹಾಗೂ ಇಲ್ಲ ಅನ್ನೋ ಎರಡೂ ಮಾತು ಅದಕ್ಕೆ ಒಟ್ಟಿಗೆ ಅರ್ಥ ಆಗಬೇಕು.

ಇದನ್ನು ನೋಡ್ತಾ ನಮ್ಮಪ್ಪ ನೆನಪಾದರು. ಹೊಸ ಹೋರಿಯನ್ನು ಹಳೇ ಎತ್ತಿನ ಜೊತೆ ನೊಗಕ್ಕೆ ಕಟ್ಟಿ, ಹಿಂದೆ ಒಂದು ಕೊರಡು ಎಳೆಸ್ತಿದ್ದರು. ನಾಲ್ಕು ಹೆಜ್ಜೆ ನೆಟ್ಟಗೆ ನಡೀತಾ, ಅವತ್ತಿಗೆ ಮುಗೀತು. "ಇನ್ನೊಂದ್ ಸುತ್ತು ಹೊಡಿಯಣ ಕಣಪ್ಪಾ" ಅಂದರೆ, "ನೊಗ ಹಾಕೋದು ಯಾರಿಗ್ ಬರಕಿಲ್ಲ ಹೇಳ್ಲಾ, ತಗಿಯೋ ಹೊತ್ತು ಗೊತ್ತಿರಬೇಕು" ಅಂತಿದ್ದರು. ಆದರೆ ಅದೇ ಹೋರಿ ಕೊಂಬು ಬೀಸಿದರೆ ಅಪ್ಪ ನಗ್ತಾ ನಿಲ್ತಿರಲಿಲ್ಲ.

ಟ್ರೈನರ್ ತೋರಿಸದೇ ಬಿಟ್ಟ ಭಾಗ ಬರೋದು ಚಿತ್ರದ ಕೊನೆಯ ಹೊತ್ತಿಗೆ. ಮೂರು ವರ್ಷದ ಒಂದು ಗಂಡು ಕುದುರೆ. ಹುಟ್ಟುವಾಗಲೇ ಆಮ್ಲಜನಕದ ಕೊರತೆ, ಮೇಲೆ ತಾಯಿಯೂ ಸತ್ತಿತ್ತು. ಒಡತಿ ಮನೆಯೊಳಗೇ ಮಗುವಿನಂತೆ ಸಾಕಿದ್ದಾಳೆ. ಬೀಜ ತೆಗೆಸಿಲ್ಲ, ಬೇಲಿ ಹಾಕಿ ಏನನ್ನೂ ಕಲಿಸಿಲ್ಲ. ಬಕ್‌ನ ಕೈಯಲ್ಲಿ ಅದು ಕೊಂಚ ದಾರಿಗೆ ಬಂದ ಹಾಗೆ ಕಾಣುತ್ತೆ. ಆಮೇಲೆ ಜೊತೆಗಿದ್ದ ತರಬೇತುದಾರನ ಮೇಲೆ ಎರಗಿ ತಲೆಗೇ ಬಾಯಿ ಹಾಕುತ್ತೆ. ರಕ್ತ ಸುರಿಯುತ್ತೆ. ಕೊನೆಗೆ ಒಡತಿ ಅದನ್ನು ಸಾಯಿಸಲು ತೀರ್ಮಾನಿಸ್ತಾಳೆ. ಬಕ್ ಸಿಟ್ಟಾಗದೆ, ಹೊಡೆಯದೆ ಅದನ್ನು ಟ್ರೈಲರ್ ಹತ್ತಿಸ್ತಾನೆ. ಸಾವಿಗೆ ಹೊರಟ ಪ್ರಾಣಿಗೂ ಅದೇ ತಾಳ್ಮೆ, ಅದೇ ಮರ್ಯಾದೆ. ತಪ್ಪು ಕುದುರೆಯದಲ್ಲ, ಮನುಷ್ಯರದು ಅನ್ನೋದು ಅವನ ತೀರ್ಪು.

ಇಡೀ ಚಿತ್ರದ ತೂಕ ಇರೋದು ಈ ದೃಶ್ಯದಲ್ಲಿ. ಉಳಿದ ಕಡೆ ನಿರ್ದೇಶಕಿಗೆ ಬಕ್ ಮೇಲೆ ಅಭಿಮಾನ ಜಾಸ್ತಿಯಾಯ್ತು. ಹೊಡೆತ ತಿಂದ ಹುಡುಗ ಹೊಡೆಯದ ಗುರುವಾದ ಅನ್ನೋ ಕತೆ ಚೆನ್ನಾಗಿದೆ, ಆದರೆ ಅದನ್ನೇ ಮತ್ತೆ ಮತ್ತೆ ಹೇಳಿ ಕೆಲಸದ ಹೊತ್ತನ್ನು ಕತ್ತರಿಸಿಬಿಡ್ತಾಳೆ. ಗಂಟೆಗಟ್ಟಲೆ ನಡೆಯೋ ಗ್ರೌಂಡ್‌ವರ್ಕ್ ಇಲ್ಲಿ ಎರಡು ನಿಮಿಷಕ್ಕೆ ಫಲ ಕೊಡುತ್ತೆ. ಬೇಜಾರು ಹಿಡಿಸುವ ಮೂವತ್ತನೇ ಪ್ರಯತ್ನ ಒಂದನ್ನಾದರೂ ಉಳಿಸಿಕೊಂಡಿದ್ದರೆ, ನಂಬಿಕೆ ಅನ್ನೋದು ಮಂತ್ರ ಹಾಕಿದ ಹಾಗೆ ಬರುತ್ತೆ ಅಂತ ಯಾರೂ ಅಂದುಕೊಳ್ತಿರಲಿಲ್ಲ. ಆ ಮರಿ ಹುಟ್ಟಿನಲ್ಲೇ ನೊಂದಿತ್ತು, ಸರಿಯಾಗಿ ಕಲಿಸಿದ್ದರೂ ಉಳಿಯುತ್ತಿತ್ತೇ ಅನ್ನೋ ಕಷ್ಟದ ಪ್ರಶ್ನೆಯ ಹತ್ತಿರವೂ ಚಿತ್ರ ಹೆಚ್ಚು ಹೊತ್ತು ನಿಲ್ಲೋದಿಲ್ಲ.

ಆದರೂ ಆ ದೃಶ್ಯವನ್ನು ಕತ್ತರಿಸದೆ ಇಟ್ಟಿದ್ದಕ್ಕೆ ನಿರ್ದೇಶಕಿಗೆ ನಮಸ್ಕಾರ. ಆ ಕುದುರೆಗೆ ಪ್ರೀತಿ ಕಡಿಮೆ ಆಗಿರಲಿಲ್ಲ. ಬೇಡ ಅನ್ನೋದನ್ನ ಮೂರು ವರ್ಷ ಯಾರೂ ಅದಕ್ಕೆ ಹೇಳಿರಲಿಲ್ಲ, ಅಷ್ಟೇ.

ನನ್ನ ಟೀಮಿಗೆ ಹೋದ ತಿಂಗಳು ಕಾಲೇಜಿಂದ ನೇರ ಬಂದ ಹುಡುಗನೊಬ್ಬ ಸೇರಿದ್ದಾನೆ. ಅವನ ಕೋಡಲ್ಲಿನ ತಪ್ಪುಗಳನ್ನು ಬೇಜಾರಾಗಬಾರದು ಅಂತ ಮೂರು ವಾರದಿಂದ ನಾನೇ ರಾತ್ರಿ ಕೂತು ಸರಿಮಾಡ್ತಿದ್ದೆ. ನನ್ನನ್ನು ನಾನು ಒಳ್ಳೆಯವನು ಅಂದುಕೊಂಡಿದ್ದೆ. ಸಿನಿಮಾ ನೋಡಿದ ಮಾರನೇ ದಿನ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.